ಧೋತರದ ಹಿಮ, ಕಂಬಳಿಯ ತಿಮಿಂಗಿಲ

ಮೊನ್ನೆ ಆದವಾನಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಹೊಳಗುಂದದ ಬಸ್ಸಿನಿಂದ ಇಳಿದ ಒಬ್ಬ ಮುದುಕರು ಕೋಲೂರುತ್ತ ನೇರವಾಗಿ ನನ್ನ ಮುಂದೆ ಬಂದು ನಿಂತರು. ನನ್ನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ನೀವು ಬಿಳಿ ಕರಡಿ ಅಲ್ಲೇನ್ರಿ?" ಎಂದು ಕೇಳಿದರು.

ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ತನ್ನ ಗಂಟನ್ನು ಎಳೆದುಕೊಂಡು ಅತ್ತ ಸರಿದಳು. ನಾನು ಎದ್ದು ನಿಂತು, "ಹೌದ್ರಿ, ಕರಡಿ ನಾನ. ನೀವು ಯಾರು?" ಎಂದೆ.

"ನಾನು ತಿಮ್ಮಂಗಿಲ ಆಗಿದ್ದೆ. ಬಲಗಡಿ ಮೂಲ್ಯಾಗ," ಎಂದರು. ಅವರ ಊರಿನವರ ಬಾಯಲ್ಲಿ ತಿಮಿಂಗಿಲ ಯಾವತ್ತೂ ತಿಮ್ಮಂಗಿಲವೇ. ಇಬ್ಬರೂ ಒಬ್ಬರ ಭುಜವನ್ನೊಬ್ಬರು ಹಿಡಿದುಕೊಂಡು, ಕೆಮ್ಮು ಬರುವ ತನಕ ನಕ್ಕೆವು. ನಗು ನಿಂತ ಮೇಲೆ ಅವರು ಹೇಳಿದರು: "ಮಾಸ್ತರು ಹೋದ್ರು. ಹೋದ ಅಮಾಸಿ ಮುಂದ. ಕಟ್ಟಿ ಮ್ಯಾಲ ಕುಂತು ಮಂದಿಗೆ ಏನೋ ಹೇಳಿಕ್ಯಂತ ನಗಾಕತ್ತಿದ್ರು, ಹಂಗ ಹೋದ್ರು."

ಅವರು ಹಾಗೆ ಹೋಗದೆ ಇನ್ನು ಹೇಗೆ ಹೋದಾರು! ದುಃಖಪಡಬೇಕೆಂದುಕೊಂಡು ಮನೆಗೆ ಬಂದೆ. ಆದರೆ ಅವರ ಒಂದೊಂದೇ ಮಾತು ನೆನಪಾಗುತ್ತಿದ್ದಂತೆ ನಗುವೇ ಬರುತ್ತಿತ್ತು. ಅದಕ್ಕೇ ಬರೆಯಲು ಕೂತೆ. ಅವರ ಹೆಸರು ಬರೆಯುವುದಿಲ್ಲ. ನಮಗೆಲ್ಲ ಅವರು ಬರೀ ಮಾಸ್ತರು.

ಮೂವತ್ತರ ದಶಕ ಮುಗಿಯುತ್ತಿದ್ದ ಕಾಲ. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ವ್ಯಾಪಾರಿಗಳ ಕಮಿಟಿಯೊಂದು ನಡೆಸುತ್ತಿದ್ದ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರ, ಅವರು ಭೂಗೋಳದ ಮಾಸ್ತರು. ಹೊಳಗುಂದದ ಆಚೆಯ ಒಂದು ಹಳ್ಳಿಯ ಕುರಿಗಾರರ ಮನೆತನದಲ್ಲಿ ಹುಟ್ಟಿ, ಓದಿ, ಊರಿಗೇ ಮೊದಲು ಕೋಟು ಹಾಕಿದವರು. ಸಮುದ್ರವನ್ನು ಅವರು ನೋಡಿಯೇ ಇರಲಿಲ್ಲ. ಅವರು ಕಂಡ ದೊಡ್ಡ ನೀರೆಂದರೆ ಮಳೆಗಾಲದ ತುಂಗಭದ್ರೆ. ಹಾಗಿದ್ದವರು ಉತ್ತರ ಧ್ರುವದ ಕಡೆಯ ಸಮುದ್ರದ ವಿಷಯವನ್ನು ನಿನ್ನೆ ತಾನೇ ಅಲ್ಲಿಂದ ನಡೆದು ಬಂದವರ ಹಾಗೆ ಹೇಳುತ್ತಿದ್ದರು. 'ಧ್ರುವ' ಎಂಬ ಮಾತು ಬಾಯಿಗೆ ಬಂದರೆ ಸಾಕು, ಅವರ ಹಿಮ್ಮಡಿಗಳು ತಾವಾಗಿಯೇ ನೆಲ ಬಿಡುತ್ತಿದ್ದವು. ಎತ್ತರದ ಆಳು ಬೇರೆ. ಬೆರಳ ತುದಿಯ ಮೇಲೆ ನಿಂತರೆ ರುಮಾಲು ತೊಲೆಗೆ ತಾಕುತ್ತಿತ್ತು.

ಆ ಹುಚ್ಚು ಅವರಿಗೆ ಹೇಗೆ ಹತ್ತಿತೆಂದರೆ, ಹತ್ತಿ ಪ್ರೆಸ್ಸಿನಲ್ಲಿದ್ದ ಒಬ್ಬ ಇಂಜಿನಿಯರ್ ದೊರೆ ಊರು ಬಿಡುವಾಗ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ರದ್ದಿಗೆ ಹಾಕಿ ಹೋಗಿದ್ದ. ಅದರಲ್ಲೊಂದು ಚಿತ್ರ. ಕಣ್ಣು ಹಾಯುವಷ್ಟು ದೂರ ಮಂಜುಗಡ್ಡೆ, ನಡುವೆ ಒಂದು ಸಣ್ಣ ಕಪ್ಪು ನೀರಿನ ಮಡು, ಆ ಮಡುವಿನಲ್ಲಿ ಒತ್ತೊತ್ತಾಗಿ ಮೇಲೆ ಬಂದ ತಿಮಿಂಗಿಲಗಳ ತಲೆಗಳು. "ನೋಡ್ರಿ," ಎಂದು ಎಲ್ಲರಿಗೂ ತೋರಿಸುತ್ತಿದ್ದರು, "ಇವು ಮೀನಲ್ಲ. ನಮ್ಮಂಗ ಗಾಳಿ ಬೇಕು ಇವಕ್ಕ. ನಾಕೂ ದಿಕ್ಕಿಗೆ ಬರ್ಫ. ಉಸಿರಾಡಾಕ ಇರೋದು ಇದೊಂದ ಮಡು."

ಪಠ್ಯಪುಸ್ತಕದಲ್ಲಿ ಧ್ರುವಸಮುದ್ರಕ್ಕೆ ಇದ್ದದ್ದು ಒಂದೆರಡು ಸಾಲು: ಅಲ್ಲಿ ಬಹಳ ಚಳಿ, ಸಮುದ್ರ ಹೆಪ್ಪುಗಟ್ಟುತ್ತದೆ. ಮಾಸ್ತರು ಆ ಸಾಲುಗಳ ಮೇಲೆ ಇಡೀ ಚಳಿಗಾಲ ಕಳೆಯುತ್ತಿದ್ದರು. ತಲೆಯ ರುಮಾಲು ಬಿಚ್ಚಿ ತರಗತಿಯ ನೆಲದ ಮೇಲೆ ಉದ್ದಕ್ಕೆ ಹಾಸುವರು. ಅದು ಹಿಮ. ಹುಡುಗರಲ್ಲಿ ಕೆಲವರು ಈ ಅಂಚು, ಕೆಲವರು ಆ ಅಂಚು ಹಿಡಿಯಬೇಕು.

"ಪುಸ್ತಕದಾಗ ಸಮುದ್ರ ಕಲ್ಲಾಗತೈತಿ ಅಂತ ಬರದಾರ. ಸುಳ್ಳು! ಚಳಿಗಾಲದಾಗೂ ಅದು ಸುಮ್ನ ಕುಂದ್ರಂಗಿಲ್ಲ. ಮ್ಯಾಲ ಗಾಳಿ ಈ ಕಡಿಗೆ ಎಳೀತೈತಿ, ಕೆಳಗ ನೀರು ಆ ಕಡಿಗೆ ಎಳೀತೈತಿ. ಎಳೀರಲೇ! ಇನ್ನಾ ಜೋರಾಗಿ! ಆವಾಗ ಏನಾಗತೈತಿ?"

ಪರ್ ಎಂದು ರುಮಾಲು ಹರಿಯುತ್ತಿತ್ತು. ಮಾಸ್ತರು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದರು. "ಹಂಗ! ಹಂಗ ಬಿರುಕು ಬಿಡತೈತಿ! ಮೈಲುಗಟ್ಲೆ!"

ಹೆಸರುಗಳನ್ನೂ ಅವರೇ ಇಟ್ಟಿದ್ದರು. ಹಿಮ ಸೀಳಿ ಉದ್ದಕ್ಕೆ ತೆರೆದುಕೊಳ್ಳುವ ಕಪ್ಪು ನೀರಿಗೆ 'ನೀರದಾರಿ'. ಎಷ್ಟೇ ಚಳಿ ಬಿದ್ದರೂ ಚಳಿಗಾಲ ಪೂರ್ತಿ ಮುಚ್ಚದೆ ಉಳಿಯುವ ಬಯಲು ನೀರಿಗೆ 'ಉಸಿರುಮಡು'. ನೀರದಾರಿಯನ್ನು ನಂಬುವ ಹಾಗಿಲ್ಲ, ಬೆಳಿಗ್ಗೆ ತೆರೆದದ್ದು ಸಂಜೆಗೆ ಮುಚ್ಚಿದರೂ ಮುಚ್ಚಿತು. ಆದರೆ ಕೆಲವು ಕಡೆ ಗಾಳಿ ಹಿಮವನ್ನು ತಳ್ಳುತ್ತಲೇ ಇರುತ್ತದೆ, ಇನ್ನು ಕೆಲವು ಕಡೆ ಕೆಳಗಿನಿಂದ ಬೆಚ್ಚನೆಯ ನೀರು ಏಳುತ್ತಲೇ ಇರುತ್ತದೆ. ಅಲ್ಲಿ ಉಸಿರುಮಡು ಉಳಿಯುತ್ತದೆ. ಸೀಲು ಎಂಬ ಪ್ರಾಣಿ, ತಿಮಿಂಗಿಲ, ಹಕ್ಕಿ ಎಲ್ಲಾ ಅಲ್ಲಿಗೆ ಬರುತ್ತವೆ. ಅವನ್ನು ತಿನ್ನಲು ಬಿಳಿ ಕರಡಿಯೂ ಬರುತ್ತದೆ. ಇದಿಷ್ಟನ್ನು ನಾನೂ ಬಾಯಿಪಾಠ ಮಾಡಿಬಿಟ್ಟಿದ್ದೆ. ಮೈದಾನದಲ್ಲಿ ಡ್ರಿಲ್ ಮಾಡಿಸುವಾಗ ಅವರ ದನಿ ಕಿಟಕಿ ದಾಟಿ ಬರುತ್ತಿತ್ತು. ನನ್ನ ಹುಡುಗರು 'ಬಲಕ್ಕೆ ತಿರುಗು' ಎಂದರೆ ಉತ್ತರಕ್ಕೆ ತಿರುಗುತ್ತಿದ್ದರು.

ಸ್ಟೇಷನ್ನಿನ ಹತ್ತಿರದ ಸೋಡಾ ಅಂಗಡಿಗೆ ಬೇಸಿಗೆಯಲ್ಲಿ ಮೇಲ್ ಗಾಡಿಯಲ್ಲಿ ಬರ್ಫದ ಗಡ್ಡೆ ಬರುತ್ತಿತ್ತು, ಮರದ ಹೊಟ್ಟಿನಲ್ಲಿ ಸುತ್ತಿಕೊಂಡು. ಮಾಸ್ತರು ಒಂದು ಚೂರು ಕೊಂಡು ಲೋಟದ ನೀರಿಗೆ ಹಾಕಿ, ಕುಡಿಯುವ ಬದಲು ಕಿವಿಗೆ ಹಿಡಿದುಕೊಳ್ಳುತ್ತಿದ್ದರು. "ಕೇಳ್ರಿ ಡ್ರಿಲ್ ಮಾಸ್ತರ, ಚಟ್ ಅಂತು! ಇಷ್ಟು ತುಣುಕು ಇಷ್ಟು ಮಾತಾಡತೈತಿ ಅಂದ್ರ, ಸಮುದ್ರದಷ್ಟು ಬರ್ಫ ಎಷ್ಟು ಒದರಬೇಕು!" ಅಂಗಡಿಯ ಸಾಹೇಬ, "ಪೀಲೋ ಮಾಸ್ತರ್ ಸಾಬ್, ಕುಡೀರಿ, ಕರಗಿ ಹೋಗತೈತಿ," ಎಂದು ನಗುತ್ತಿದ್ದ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಕೆ ಮಾಸ್ತರ ಸೋದರಮಾವನ ಮಗಳು. ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಆದರೆ ಆಕೆಗೆ ದಮ್ಮು. ಅವರ ಮನೆ ಇದ್ದದ್ದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ. ಹತ್ತಿಯ ಸುಗ್ಗಿ ಶುರುವಾಯಿತೆಂದರೆ ಆ ಓಣಿಯಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತಿತ್ತು, ಅಟ್ಟ ಅನ್ನದ ಮೇಲೂ ಕೂರುತ್ತಿತ್ತು. ಆ ತಿಂಗಳುಗಳಲ್ಲಿ ಅಕ್ಕ ಮಲಗುವಂತಿರಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ, ಮಡಿಲಲ್ಲಿ ದಿಂಬು ಇಟ್ಟುಕೊಂಡು, ಅದರ ಮೇಲೆ ತಲೆ ಊರಿ ಕೂತೇ ನಿದ್ದೆ ಮಾಡುತ್ತಿದ್ದರು.

ಒಂದು ದಿನ ಚಹಾಕ್ಕೆ ಹೋದಾಗ ಮಾಸ್ತರು ನನಗೆ ಹಿಮದ ಸದ್ದುಗಳನ್ನು ವರ್ಣಿಸುತ್ತಿದ್ದರು. ಒಂದು ಹಾಸು ಇನ್ನೊಂದಕ್ಕೆ ಉಜ್ಜಿದರೆ ನಾಯಿಮರಿ ಅತ್ತ ಹಾಗೆ, ಒತ್ತಿ ಒಡೆದರೆ ಗುಡುಗಿನ ಹಾಗೆ. ಒಳಗಿನಿಂದ ಅಕ್ಕ ಲೋಟ ತಂದಿಡುತ್ತ, "ಇವರಿಗೆ ಎಲ್ಲೋ ಇರೋ ಬರ್ಫದ ಸಪ್ಪಳ ಕೇಳತೈತಿ ನೋಡ್ರಿ. ನನ್ನ ಎದಿಯಾಗ ಸಂಜೀಮಟ ಪೀಪಿ ಊದತೈತಿ, ಅದಕ್ಕೊಂದು ಹೆಸರಿಟ್ಟಾರೇನು ಕೇಳ್ರಿ," ಎಂದರು.

ಮಾಸ್ತರು ಲೋಟವನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಡಾಕ್ಟರು ಹತ್ತಿ ಊರು ಬಿಡ್ರಿ ಅಂದಾರ. ನಮ್ಮೂರಾಗ ಸಣ್ಣ ಸಾಲಿ ಐತಿ. ಅಲ್ಲಿಗೆ ಹೋಗೂಣು ಅಂದ್ರ ಇಕಿ ಒಲ್ಲೆ ಅಂತಾಳ."

"ಒಲ್ಲೆ ಅಂದ್ರ ಒಲ್ಲೆ," ಎಂದರು ಅಕ್ಕ. "ನಾನೂ ಅದ ಊರಾಕಿ. ಕುರಿ ಕಾಯೋ ಮಂದಿ. ನಿಮ್ಮ ಬರ್ಫ, ನಿಮ್ಮ ಬಿರುಕು ಅಲ್ಲಿ ಯಾರು ಕೇಳ್ತಾರ? ಕೇಳೋರು ಇಲ್ಲಾಂದ್ರ ನೀವು ಬಾಯಿ ಮುಚ್ಚಿಕ್ಯಂಡು ಮೂಲ್ಯಾಗ ಕುಂದ್ರತೀರಿ. ದಮ್ಮು ತಡಕಂತೀನಿ ನಾನು, ಅದನ್ನ ತಡಕಳ್ಳಾಕ ಆಗಂಗಿಲ್ಲ."

ಇದು ಆ ಮನೆಯಲ್ಲಿ ಪ್ರತಿ ಸುಗ್ಗಿಗೂ ನಡೆಯುತ್ತಿದ್ದ ಜಗಳ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಹಟ ಹಿಡಿದದ್ದರಿಂದ ಯಾರೂ ಗೆಲ್ಲುತ್ತಿರಲಿಲ್ಲ.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ಒಂದು ಪೌರಾಣಿಕ ನಾಟಕ. ತೆಲುಗು ಪಂಡಿತರೇ ರಾಮ. ಆ ವರ್ಷ ಉತ್ಸವ ಹತ್ತಿರ ಬಂದಾಗ ರಾಮನಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ, ಕಿರೀಟದ ದಾರ ಗಲ್ಲದ ಕೆಳಗೆ ಕಟ್ಟಲಾಗದಂತಾಯಿತು. ಲಕ್ಷ್ಮಣನೂ ಅವರ ಮನೆಯಲ್ಲೇ ಊಟ ಮಾಡುವವನಾದ್ದರಿಂದ ಅವನಿಗೂ ಬಂತು. ಹೆಡ್‌ಮಾಸ್ಟರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನಮ್ಮ ಮಾಸ್ತರು ಬೆರಳ ತುದಿಯ ಮೇಲೆ ನಿಂತು, "ಸಾರ್, ನಾನು ಧ್ರುವಸಮುದ್ರದ ನಾಟಕ ಆಡಸ್ತೀನಿ," ಎಂದರು.

ಹೆಡ್‌ಮಾಸ್ಟರು ತೆಲುಗಿನವರು. "ಏಮಯ್ಯಾ, ರಾಜು ಲೇಡು, ರಾಣಿ ಲೇದು, ಅದೇಮಿ ನಾಟಕಂ?" ಎಂದರು, ರಾಜನೂ ಇಲ್ಲ ರಾಣಿಯೂ ಇಲ್ಲ, ಇದೆಂಥ ನಾಟಕವಯ್ಯಾ ಎಂದು.

"ರಾಜು ತಿಮಿಂಗಿಲಂ ಸಾರ್! ಶತ್ರುವು ಮಂಚು!" ಎಂದರು ಮಾಸ್ತರು. ಶತ್ರು ಹಿಮ.

ಕಮಿಟಿಯ ಮ್ಯಾನೇಜರು ಹತ್ತಿ ದಲ್ಲಾಳಿ, ಕೆಂಪಂಚಿನ ಧೋತರದ ಗಂಭೀರ ಮನುಷ್ಯ. ಬೇರೆ ದಾರಿ ಇಲ್ಲದೆ ಒಪ್ಪಿಕೊಂಡು ಒಂದು ಮಾತು ಸೇರಿಸಿದರು: "ಊರ ಮುಂದ ನಗೆಪಾಟಲಾದ್ರ, ಮಾರನೇ ದಿನ ನೀವು ಸಾಲಿಗೆ ಬರೋ ತ್ರಾಸು ತಗಳ್ಳಬ್ಯಾಡ್ರಿ."

ಮಾಸ್ತರಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವರಾಗಲೇ ಹಿಮ ಹುಡುಕುತ್ತ ಹೊರಟಿದ್ದರು. ಜಿನ್ನಿನ ಸಾಹುಕಾರರನ್ನು ಕಾಡಿ ಭಾನುವಾರದ ಮಧ್ಯಾಹ್ನಕ್ಕೆ ಫ್ಯಾಕ್ಟರಿಯ ಅಂಗಳ ಪಡೆದರು. ಸುತ್ತಲೂ ಹತ್ತಿಯ ರಾಶಿಗಳು, ಅವು ಹಿಮದ ಗುಡ್ಡಗಳು. ನಡುವಿನ ಬಯಲಿಗೆ ಹಿಮದ ಹಾಸು ಬೇಕಲ್ಲ. ಅಗಸರ ಯಜಮಾನನ ಹತ್ತಿರ ಹೋಗಿ ಅದೇನು ಮೋಡಿ ಮಾಡಿದರೋ, ಊರಿನ ದೊಡ್ಡ ಮನೆಗಳಿಂದ ಆ ವಾರ ಒಗೆಯಲು ಬಂದ ಧೋತರಗಳೆಲ್ಲ ಒಂದಕ್ಕೊಂದು ಹೊಲಿದುಕೊಂಡು ಒಂದೇ ದೊಡ್ಡ ಹಾಸಾದವು.

ತಿಮಿಂಗಿಲಗಳಿಗೆ ನಮ್ಮ ಹುಡುಗರು ಸಾಲುತ್ತಿರಲಿಲ್ಲ. ಎಲ್ಲ ಕಡ್ಡಿಪೈಲ್ವಾನರು. ಮಾಸ್ತರು ಊರಿಗೆ ಹೇಳಿಕಳಿಸಿದರು. ಅವರ ಮಾವ, ಅಂದರೆ ಅಕ್ಕನ ತಂದೆ, ಕರಿ ಕಂಬಳಿ ಹೊದ್ದ ಗಟ್ಟಿ ಆಳುಗಳ ಒಂದು ಗುಂಪು ಕಟ್ಟಿಕೊಂಡು ನಡೆದೇ ಬಂದರು. ಕೆಲವರು ಕುರಿಗಳನ್ನೂ ಹೊಡೆದುಕೊಂಡು ಬಂದಿದ್ದರು, ಬಿಟ್ಟು ಬರಲು ಮನಸ್ಸಾಗದೆ. ಮಾಸ್ತರು ಅವರನ್ನೆಲ್ಲ ಶಾಲೆಯ ಬೇವಿನ ಕೆಳಗೆ ಕೂರಿಸಿ ಧ್ರುವಸಮುದ್ರ ಹೇಳಲು ಶುರುಮಾಡಿದರು.

"ಅಲ್ಲಿ ಚಳಿಗಾಲದಾಗ ಹೊತ್ತ ಮೂಡಂಗಿಲ್ಲ."

"ಹಂಗಾರ ಮಂದಿ ಯಾವಾಗ ಏಳ್ತಾರ?" ಎಂದ ಒಬ್ಬ.

"ಹಸಿವಾದಾಗ ಏಳ್ತಾರ. ಕೇಳ್ರಿ, ಅಲ್ಲಿ ಬಿಳಿ ಕರಡಿ ಇರ್ತಾವ."

ಇದನ್ನು ಮಾತ್ರ ಯಾರೂ ಒಪ್ಪಲಿಲ್ಲ. ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ ಕಂಡವರೇ ಎಲ್ಲರೂ, ಕಾಡಿಗೆಯಂಥ ಕರಿ ಕರಡಿ. "ಕರಡಿ ಬಿಳೀದೇನ್ರಿ? ಮುದುಕಾಗಿರಬೇಕು ಬಿಡ್ರಿ," ಎಂದರು ಮಾವ. ಅದನ್ನು ನಂಬಿಸುವುದಕ್ಕೇ ಮಾಸ್ತರು ನನ್ನನ್ನು ಕರಡಿ ಮಾಡಿದ್ದು. ಮೈಗೆಲ್ಲ ಗಂಜಿ ಬಳಿದು ಹತ್ತಿ ಮೆತ್ತಿದರು. ಆ ಕಡಿತ ಇವತ್ತಿಗೂ ಮೈ ಮರೆತಿಲ್ಲ.

ಬಿರುಕು ತೆರೆದಾಗ ನೀರಿನಿಂದ ಹೊಗೆ ಏಳುತ್ತದೆ, ಮೇಲಿನ ಗಾಳಿಗಿಂತ ಆ ನೀರೇ ಬೆಚ್ಚಗಿರುತ್ತದೆ ಎಂದಾಗ ಮಾವ ತೊಡೆ ತಟ್ಟಿದರು. "ಮಾಗಿಯಾಗ ನಮ್ಮ ಬಾವಿ ಹೊಗಿ ಆಡಂಗಿಲ್ಲೇನು, ಹಂಗೇನು ಅಳಿಯಾ?" ಮಾಸ್ತರು ಕಣ್ಣು ಅರಳಿಸಿ ಮಾವನನ್ನು ತಬ್ಬಿಕೊಂಡೇಬಿಟ್ಟರು. ಹೈಸ್ಕೂಲಿನಲ್ಲಿ ಅದುವರೆಗೆ ಯಾರೂ ಅವರಿಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಭಾನುವಾರ ಊರಿಗೆ ಊರೇ ಬಂತು. ಮುಂದಿನ ಕುರ್ಚಿಗಳಲ್ಲಿ ಮ್ಯಾನೇಜರು, ಸಾಹುಕಾರರು, ಅವರ ಮನೆಯ ಹೆಂಗಸರು. ಅಕ್ಕನಿಗೆ ಮಾತ್ರ ಅಂಗಳದೊಳಗೆ ಬರಬಾರದೆಂದು ಮಾಸ್ತರ ಕಟ್ಟಪ್ಪಣೆ. ಗಾಳಿ ಬೀಸಿಬರುವ ಕಡೆಯ ಮೋಟುಗೋಡೆಯ ಮೇಲೆ, ಮೂಗಿಗೆ ಸೆರಗು ಕಟ್ಟಿಕೊಂಡು ಆಕೆ ದೂರದಲ್ಲಿ ಕೂತರು.

ಪರದೆ ಸರಿಯಿತು. ಹಿಮ ಕಂಡಿತು. ಕಂಡ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು, "ಏ, ಅದು ನನ್ನ ಧೋತರ!" ಎಂದು ಕೂಗಿದರು. "ಆ ತುದೀದು ನಂದು! ನಾನು ಇವತ್ತು ಹಳೇದು ಉಟ್ಟು ಬಂದೀನಲ್ಲೋ!" ಎಂದು ಇನ್ನೊಬ್ಬರು. ಮ್ಯಾನೇಜರು ಉತ್ತರ ಧ್ರುವದ ನಟ್ಟನಡುವೆ ಒಂದು ಕೆಂಪಂಚನ್ನು ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಗಸರ ಯಜಮಾನ ಅಷ್ಟರಲ್ಲಿ ಅಲ್ಲಿರಲಿಲ್ಲ.

ಮಾಸ್ತರು ಒತ್ತಿ ಕಟ್ಟಿದ ಹತ್ತಿಯ ಮೂಟೆಯ ಮೇಲೆ ನಿಂತು ಕಥೆ ಹೇಳುತ್ತಿದ್ದರು. "ಗಾಳಿ!" ಎಂದರು. ನನ್ನ ಡ್ರಿಲ್ಲಿನ ಹುಡುಗ ಬ್ಯೂಗಲ್ ಊದಿದ. ಎರಡು ಕಡೆಯ ಹುಡುಗರು ಎಳೆದರು. ಧೋತರಗಳ ನಡುವೆ ಬಿಟ್ಟಿದ್ದ ಸೀಳು ತೆರೆಯಿತು. ಹಿಡಿ ಹಿಡಿ ಹತ್ತಿ ಹೊಗೆಯಾಗಿ ಮೇಲೆದ್ದಿತು. ಅದರೊಳಗಿನಿಂದ ಕರಿ ಕಂಬಳಿಯ ತಿಮಿಂಗಿಲಗಳು ಒಂದೊಂದಾಗಿ ತಲೆ ಎತ್ತಿ, ಬಾಯಲ್ಲಿ ತುಂಬಿಕೊಂಡಿದ್ದ ನೀರನ್ನು ಫೂ ಎಂದು ಉಗಿದವು. ಮುಂದಿನ ಕುರ್ಚಿಗಳು ನೆನೆದುಹೋದವು. ಜನ ಸೀಟಿ ಹೊಡೆದರು. ನಾನು ಕೈಕಾಲೂರಿ ಗುರ್ ಎನ್ನುತ್ತ ಬಂದೆ. ಮೈ ಕಡಿತ ತಾಳಲಾರದೆ ನಡುನಡುವೆ ಬೆನ್ನನ್ನು ಹತ್ತಿಯ ಮೂಟೆಗೆ ಉಜ್ಜುತ್ತಿದ್ದೆ. ಕರಡಿಯ ನಡತೆ ಬಹಳ ಸಹಜವಾಗಿತ್ತೆಂದು ಆಮೇಲೆ ಎಲ್ಲರೂ ಹೊಗಳಿದರು.

ಆಮೇಲೆ ಕಡುಚಳಿ ಬಂತು. "ನೀರದಾರಿ ಮುಚ್ಚಾಕತ್ತೈತಿ," ಎಂದರು ಮಾಸ್ತರು. ಹುಡುಗರು ಧೋತರದ ಅಂಚುಗಳನ್ನು ಹತ್ತಿರ ಹತ್ತಿರ ತಂದರು. ತಿಮಿಂಗಿಲಗಳು ಒಂದಕ್ಕೊಂದು ಒತ್ತಿ ನಡುವೆ ಸೇರಿದವು. ಮಡು ಜಗುಲಿಯಷ್ಟಾಯಿತು, ಮಂಚದಷ್ಟಾಯಿತು, ಆಮೇಲೆ ಮೊರದಷ್ಟಾಯಿತು. ಕೊನೆಗೆ ಅದರಲ್ಲಿ ಮಾವನ ತಲೆಯೊಂದೇ ಉಳಿಯಿತು. ಈ ಹೊತ್ತಿಗೆ ಸರಿಯಾಗಿ ಬ್ಯೂಗಲ್ ಮೊಳಗಬೇಕು, ದಕ್ಷಿಣದ ಗಾಳಿ ಬೀಸಿ ಹಿಮ ಮತ್ತೆ ಬಿರಿಯಬೇಕು. ಅಭ್ಯಾಸದಲ್ಲಿ ಹಾಗೇ ಆಗಿತ್ತು.

ಆದರೆ ಮಾವ ಅವತ್ತು ಆಟ ಆಡಲಿಲ್ಲ, ತಿಮಿಂಗಿಲವೇ ಆಗಿಬಿಟ್ಟರು. ಕಣ್ಣು ಮೇಲೆ ಸಿಕ್ಕಿಸಿ, ಬಾಯಿ ತೆರೆದು, ಗಾಳಿಗಾಗಿ ಕತ್ತು ಚಾಚಿ, ಕಲಿಸದ ಮಾತೊಂದನ್ನು ಒದರಿದರು: "ಉಸಿರಿಲ್ಲೋ ಎಪ್ಪಾ! ಉಸಿರು ಕೊಡ್ರೋ!" ತಲೆ ಮುಳುಗಿತು. ಮೇಲೆ ಬಿಳಿ ಧೋತರ ಕೂಡಿಕೊಂಡಿತು.

"ಗಾಳಿ!" ಎಂದರು ಮಾಸ್ತರು. ಗಾಳಿ ಬರಲಿಲ್ಲ. ಬ್ಯೂಗಲ್ ಹುಡುಗ ತುಟಿ ಕೂಡಿಸಲಾರದೆ ಗೊಳೋ ಎಂದು ಅಳುತ್ತಿದ್ದ. "ಏ ಗಾಳಿ! ಗಾಳಿ ಎಲ್ಲಿ ಹೋತು?" ಎಂದು ಮಾಸ್ತರು ಮೂಟೆಯ ಮೇಲೆ ಕುಣಿದರು.

"ಅಪ್ಪಾ!" ಎಂದು ಒಂದು ಕೂಗು ಕೇಳಿಸಿತು. ಅಕ್ಕ ಮೋಟುಗೋಡೆಯಿಂದ ಧುಮುಕಿ, ಮೂಗಿನ ಸೆರಗು ಕಳಚಿಹೋದದ್ದೂ ತಿಳಿಯದೆ, ಹತ್ತಿಯ ರಾಶಿ ತುಳಿದುಕೊಂಡು ಓಡಿಬಂದು ಹಿಮಕ್ಕೆ ಕೈ ಹಾಕಿದರು. ಆಕೆಯ ಹಿಂದೆ ಸಾಹುಕಾರರ ವಯಸ್ಸಾದ ತಾಯಿ, ಮ್ಯಾನೇಜರ ಹೆಂಡತಿ, ಆಮೇಲೆ ಇಡೀ ಹೆಂಗಸರ ಸಾಲು. "ಎಳೀರೆ ಯವ್ವಾ! ಸಾಯಾಕತ್ತ್ಯಾವ!" ಗಂಡಸರೂ ನುಗ್ಗಿದರು. ಧೋತರದ ಯಜಮಾನರು ತಮ್ಮ ತಮ್ಮ ಧೋತರವನ್ನು ತಾವೇ ಹಿಡಿದು ಜಗ್ಗಿದರು. ಪರ್ ಪರ್ ಎಂದು ಉತ್ತರ ಧ್ರುವ ನಾಲ್ಕು ಕಡೆ ಬಿರಿಯಿತು. ತಿಮಿಂಗಿಲಗಳು ಧಡಧಡ ಎದ್ದು ನಿಂತವು, ಬದುಕಿದೆವೆಂದು ಕುಣಿದವು. ಹೊರಗೆ ಕಟ್ಟಿದ್ದ ಕುರಿಗಳು ಗದ್ದಲಕ್ಕೆ ಹಗ್ಗ ಹರಿದುಕೊಂಡು ಹೆಡ್‌ಮಾಸ್ಟರ ಕಾಲುಗಳ ನಡುವೆ ತೂರಿದವು. ಊರಿನ ಜನವೆಲ್ಲ ಹತ್ತಿಯನ್ನು ಆಕಾಶಕ್ಕೆ ತೂರುತ್ತಿದ್ದರು. ಅಂಥ ಸಂತೋಷವನ್ನು ನಾನು ಆದವಾನಿಯಲ್ಲಿ ಆಮೇಲೆ ಸ್ವಾತಂತ್ರ್ಯ ಬಂದ ದಿನವೇ ನೋಡಿದ್ದು.

ಆ ಹತ್ತಿಯ ಮೋಡದ ನಡುವೆ ಅಕ್ಕ ಮಂಡಿಯೂರಿ ಕುಸಿದರು. ಎದೆ ಮೇಲೆ ಕೆಳಗೆ ಆಗುತ್ತಿತ್ತು, ಬಾಯಿಂದ ದನಿ ಬರುತ್ತಿರಲಿಲ್ಲ.

ಮಾಸ್ತರು ಮೂಟೆಯಿಂದ ಹಾರಿದರು. "ಕಂಬಳಿ ತರ್ರಿ!" ಮಾವ ತಮ್ಮ ಕಂಬಳಿ ಹಾಸಿದರು. ಅಕ್ಕನನ್ನು ಅದರಲ್ಲಿ ಕೂರಿಸಿ, ಒಂದು ಮೂಲೆ ಮಾಸ್ತರು, ಒಂದು ಮಾವ, ಒಂದು ನಾನು, ಇನ್ನೊಂದು ಬೇರೊಂದು ತಿಮಿಂಗಿಲ ಹಿಡಿದು ಗೇಟಿನ ಹೊರಗೆ ಓಡಿದೆವು. ಇದೂ ನಾಟಕದ್ದೇ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟುತ್ತ ಹಿಂದೆಯೇ ಓಡಿಬಂದರು. ರೈಲು ಹಳಿ ದಾಟಿ, ಹತ್ತಿಯ ಎಳೆ ಇಲ್ಲದ ಬಯಲಿನಲ್ಲಿ ಇಳಿಸಿದೆವು. ಆಗ ಜನಕ್ಕೆ ಅರ್ಥವಾಯಿತು. ಚಪ್ಪಾಳೆ ನಿಂತಿತು.

ಮಾಸ್ತರು ಆಕೆಯ ಎದುರಿಗೆ ಮಣ್ಣಿನಲ್ಲಿ ಕೂತು ಎರಡೂ ಕೈ ಹಿಡಿದುಕೊಂಡರು. "ನನ್ನ ನೋಡು. ನನ್ನ ಕೂಡ ಬಾ. ಒಳಗ ತಗೋ. ಹೊರಗ ಬಿಡು. ಅವಸರ ಇಲ್ಲ. ಮತ್ತ ಒಳಗ." ತಾವೂ ಆಕೆಯ ಜೊತೆ ಉಸಿರು ಎಳೆದು ಬಿಡುತ್ತಿದ್ದರು. ಅವರ ಕಣ್ಣೀರು ಮೀಸೆಗೆ ಇಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ಸುತ್ತ ನಿಂತ ನಾವೆಲ್ಲರೂ ನಮಗೆ ಗೊತ್ತಿಲ್ಲದೆಯೇ ಅದೇ ಲಯದಲ್ಲಿ ಉಸಿರಾಡುತ್ತಿದ್ದೆವು. ಬಹಳ ಹೊತ್ತಿನ ಮೇಲೆ ಪೀಪಿ ಸದ್ದು ಸಣ್ಣದಾಯಿತು. ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದರು.

"ಬಿಳಿ ಕರಡಿ ಅಂದ್ರ ಇದ ಏನ್ರಿ?" ಎಂದರು ಗಂಡನಿಗೆ. "ಬಾಳ ಹೊಲಸು ಐತಿ."

ಎಲ್ಲರಿಗಿಂತ ಮೊದಲು ನಕ್ಕವರು ಮಾಸ್ತರು. ಆಮೇಲೆ ಬಯಲೆಲ್ಲ ನಕ್ಕಿತು.

ಮ್ಯಾನೇಜರು ಜನವನ್ನು ಸರಿಸಿಕೊಂಡು ಬಂದರು. ಕೈಯಲ್ಲಿ ಕೆಂಪಂಚಿನ ಧೋತರದ ಅರ್ಧ. "ಇದನ್ನ ಹರಿದೋರು ಯಾರು?" ಎಂದು ಗುಡುಗಿದರು. ಅವರ ಹೆಂಡತಿ ಉಳಿದರ್ಧವನ್ನು ಎತ್ತಿ ತೋರಿಸಿ, "ನಾನ ಹರಿದೀನಿ. ಅವು ಸಾಯಾಕತ್ತಿದ್ವು, ನೀವು ಕುರ್ಚಿ ಮ್ಯಾಲ ಕುಂತಿದ್ರಿ," ಎಂದರು. ಮ್ಯಾನೇಜರು ಒಮ್ಮೆ ಜನವನ್ನು ನೋಡಿದರು, ಒಮ್ಮೆ ಧೋತರವನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮುಂದಿನ ವರ್ಷ ಬ್ಯೂಗಲ್ಲಿಗೆ ದೊಡ್ಡೋರನ್ನ ಇಡ್ರಿ ಮಾಸ್ತರ," ಎಂದುಬಿಟ್ಟರು. ಕೆಲಸ ಉಳಿಯಿತು.

ಆದರೆ ಅಕ್ಕ ಆಗ ತಂದೆಯ ಕಡೆ ತಿರುಗಿದ್ದರು. "ಅಪ್ಪಾ, ಇವರು ಹೇಳಿದ್ದು ನಿನಗ ತಿಳೀತೇನು, ಇಲ್ಲಾ ಸುಮ್ನ ಕುಣಿದೇನು?"

"ತಿಳೀದ ಏನವ್ವಾ?" ಎಂದರು ಮಾವ. "ಗಾಳಿ ಎಳೀತೈತಿ, ನೀರು ಎಳೀತೈತಿ, ಬರ್ಫ ಸೀಳತೈತಿ. ಸೀಳಿದಲ್ಲಿ ಜೀವ ಉಸಿರಾಡತೈತಿ. ಒಳಗ ಸಿಕ್ಕಂಡಾಗ ಎದಿ ಹೆಂಗಾಗತೈತಿ ಅಂತ ನಾ ನಿನ್ನ ನೆನಸಿಕ್ಯಂಡ ಒದರಿದ್ದು. ನಾಳೆ ಊರಿಗೆ ಹೋಗಿ ಎಲ್ಲಾರಿಗೂ ಹೇಳಬೇಕು. ಆದ್ರ ಅಳಿಯ ಹೇಳಿದಂಗ ನನಗ ಬರಂಗಿಲ್ಲ."

ಸುತ್ತ ನಿಂತಿದ್ದ ಕಂಬಳಿಯವರೆಲ್ಲ, "ಮಾಸ್ತರ, ಆ ಬರ್ಫದ ಕೆಳಗ ಹುಲ್ಲು ಗಿಲ್ಲು ಏನಾರ ಐತೇನ್ರಿ?" "ಮಡು ಎಲ್ಲೈತಿ ಅಂತ ತಿಮ್ಮಂಗಿಲಕ್ಕ ಹೆಂಗ ತಿಳೀತೈತ್ರಿ?" ಎಂದು ಒಬ್ಬರ ಮೇಲೊಬ್ಬರು ಬಿದ್ದು ಕೇಳತೊಡಗಿದರು. ಮಾಸ್ತರು ಉತ್ತರ ಹೇಳಲು ಬಾಯಿ ತೆರೆದರು, ಹಿಮ್ಮಡಿ ಮೇಲೆದ್ದವು, ಅಷ್ಟರಲ್ಲಿ ಹೆಂಡತಿಯ ನೆನಪಾಗಿ ಮತ್ತೆ ಕೂತರು. ಅಕ್ಕ ಅವರನ್ನೂ ಅವರ ಸುತ್ತಲಿನ ಕಂಬಳಿಗಳನ್ನೂ ಬಹಳ ಹೊತ್ತು ನೋಡಿದರು.

"ಊರಿಗೆ ಹೋಗೂಣು ನಡೀರಿ," ಎಂದರು. "ಇಲ್ಲಿಗಿಂತ ಅಲ್ಲೇ ಕೇಳೋರು ಹೆಚ್ಚದಾರ."

ಪರೀಕ್ಷೆಗಳು ಮುಗಿದ ಮೇಲೆ ಮಾಸ್ತರು ಹೈಸ್ಕೂಲು ಬಿಟ್ಟರು. ಹೆಡ್‌ಮಾಸ್ಟರು, "ಪಿಚ್ಚಿವಾಡಾ, ಹುಚ್ಚಪ್ಪಾ, ಹೈಸ್ಕೂಲು ಬಿಟ್ಟು ಹಳ್ಳಿಗೆ ಯಾರಾದರೂ ಹೋಗುತ್ತಾರೆಯೇ," ಎಂದು ಬೈದು, ಆಮೇಲೆ ಸ್ಟಾಫ್ ರೂಮಿನ ಗ್ಲೋಬನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಅವರ ಗಾಡಿಯಲ್ಲಿಟ್ಟರು. ಆ ಮುಂದಿನ ವರ್ಷ ಪಂಡಿತರ ಕೆನ್ನೆ ಇಳಿದಿತ್ತು, ರಾಮ ವಾಪಸು ಬಂದ. ಜನ ನೋಡಿದರು, ಎದ್ದು ಹೋದರು. ಯಾರೂ ಯಾರನ್ನೂ ಬದುಕಿಸಲು ಓಡಲಿಲ್ಲ.

ಅದೇ ಚಳಿಗಾಲದಲ್ಲಿ, ಇಲ್ಲಿ ಹತ್ತಿಯ ಸುಗ್ಗಿ ಭರಾಟೆಯಲ್ಲಿದ್ದಾಗ, ನಾನು ಅವರ ಊರಿಗೆ ಹೋದೆ. ಮಧ್ಯಾಹ್ನದ ಹೊತ್ತು. ದೂರದಿಂದಲೇ ನನ್ನನ್ನು ಕಂಡ ಮಾಸ್ತರು ಕಟ್ಟೆಯಿಂದ ಇಳಿದು, ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿಬಂದರು. ಏನಾಯಿತೋ ಎಂದು ನಾನೂ ಓಡಿದೆ. ನನ್ನ ಕೈ ಹಿಡಿದು, ಚಪ್ಪಲಿ ಬಿಡಿಸಿ, ಬೆರಳ ತುದಿಯಲ್ಲಿ ನಡೆಸಿಕೊಂಡು ಒಳಗೆ ಕರೆದೊಯ್ದರು.

ನಡುಮನೆಯಲ್ಲಿ ಕಂಬಳಿಯ ಮೇಲೆ ಅಕ್ಕ ಮಲಗಿದ್ದರು. ಅಂಗಾತ. ದಿಂಬೂ ಇಲ್ಲ. ಕೈಕಾಲು ಚೆಲ್ಲಿ, ಬಾಯಿ ತೆರೆದು, ತೊಲೆ ಅದುರುವ ಹಾಗೆ ಗೊರಕೆ ಹೊಡೆಯುತ್ತಿದ್ದರು.

"ಕೇಳ್ರಿ," ಎಂದು ಪಿಸುಗುಟ್ಟಿದರು ಮಾಸ್ತರು. ಮುಖ ಹೊಳೆಯುತ್ತಿತ್ತು. "ಕೇಳ್ರಿ ಡ್ರಿಲ್ ಮಾಸ್ತರ."

ನಾವಿಬ್ಬರೂ ಬಾಗಿಲ ಆಚೆ ಒಬ್ಬರು ಈಚೆ ಒಬ್ಬರು ಕೂತು, ಸಂಗೀತ ಕಛೇರಿಗೆ ಬಂದವರ ಹಾಗೆ ತಲೆದೂಗುತ್ತ ಕೇಳಿದೆವು. ಒಂದು ಗೊರಕೆ ಉದ್ದಕ್ಕೆ ಹೋಗಿ ಬಿರುಸಾಗಿ ತಿರುಗಿದಾಗ ನಾನು ತಡೆಯಲಾರದೆ ನಕ್ಕುಬಿಟ್ಟೆ. ಅಕ್ಕ ಎಚ್ಚರವಾಗಿ, ನನ್ನನ್ನು ಕಂಡು ಸೆರಗು ಸರಿಮಾಡಿಕೊಳ್ಳುತ್ತ, ಚಹಾ ಇಡಲು ಗಡಬಡಿಸಿ ಏಳಹೋದರು.

ಮಾಸ್ತರು ಎರಡೂ ಕೈ ಅಡ್ಡ ಹಿಡಿದರು. "ಏಳಬ್ಯಾಡ, ಮಲಕ್ಕೋ. ಚಾ ನಾ ಮಾಡ್ತೀನಿ. ನೀ ಇನ್ನೊಂದೀಟು ಗೊರಕಿ ಹೊಡಿ. ಡ್ರಿಲ್ ಮಾಸ್ತರು ಅಷ್ಟು ದೂರದಿಂದ ಬಂದಾರ."